ಚರ್ಚ್ ಬಾಗಿಲಲ್ಲಿ ನಿಲ್ಲುವವರು: ಸ್ವಯಂಸೇವಕರ ಸುರಕ್ಷತಾ ತಂಡ ಕಟ್ಟುವ ಬಗೆ

ಇನ್ನೂರು ಮುನ್ನೂರು ಜನ ಸೇರುವ ಚರ್ಚ್‌ನಲ್ಲಿ ವರ್ಷವಿಡೀ ಏನೇನು ಅವಘಡ ಆಗಬಹುದು ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಬರಿಹೊಟ್ಟೆಯಲ್ಲಿ ಬಂದ ಅಜ್ಜಿ ತಲೆ ಸುತ್ತಿ ಬೀಳುವುದು, ಮೇಣದಬತ್ತಿಗೆ ದುಪಟ್ಟಾ ತಾಗುವುದು, ಮೂರು ವರ್ಷದ ಮಗು ಗೇಟು ದಾಟಿ ರಸ್ತೆಗೆ ಓಡುವುದು, ಗೋದಲಿಯ (ಕ್ರಿಸ್ಮಸ್‌ಗೆ ಕಟ್ಟುವ ಕೊಟ್ಟಿಗೆಯ) ಸೀರಿಯಲ್ ಲೈಟು ಶಾರ್ಟ್ ಆಗುವುದು, ರಾತ್ರಿ ಹುಂಡಿ ಒಡೆಯುವುದು, ಕುಡಿದು ಬಂದವರ ಗಲಾಟೆ. ಬಾಂಬು, ದಾಳಿ ಪಟ್ಟಿಯ ಕೊನೆಗೆ ಬರುತ್ತವೆ. ಕೊನೆಗೆ ಬಂದರೂ ಅವನ್ನು ಹೊಡೆದುಹಾಕುವಂತಿಲ್ಲ. 2000ದ ಜೂನ್, ಜುಲೈ ತಿಂಗಳಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರಿನ ಚರ್ಚ್‌ಗಳಲ್ಲಿ ಬಾಂಬ್ ಸಿಡಿದದ್ದು ನಮ್ಮ ರಾಜ್ಯದಲ್ಲೇ. ಆದರೂ ತಂಡ ಕಟ್ಟುವಾಗ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ. ಅಜ್ಜಿ ಬಿದ್ದಾಗ ಯಾರು ಫೋನ್ ಮಾಡಬೇಕು, ಯಾರು ಜಾಗ ಬಿಡಿಸಬೇಕು ಎಂದು ಗೊತ್ತಿರುವ ತಂಡಕ್ಕೆ ದೊಡ್ಡದು ಬಂದಾಗಲೂ ಕೈಕಾಲು ಆಡುತ್ತದೆ.

ಸಂಬಳದ ವಾಚ್‌ಮನ್ ಇದ್ದರೆ ಒಳ್ಳೆಯದೇ. ಆದರೆ ಅವರಿಗೆ ಸಭೆಯವರ ಮುಖ ಪರಿಚಯ ಇರುವುದಿಲ್ಲ. ಯಾರು ನಮ್ಮವರು, ಯಾರು ಹೊಸಬರು, ಯಾರ ಮನೆಯಲ್ಲಿ ಗಂಡ ಹೆಂಡಿರ ಕೇಸು ನಡೆಯುತ್ತಿದೆ, ಯಾವ ಹುಡುಗನಿಗೆ ಫಿಟ್ಸ್ ಇದೆ, ಇವೆಲ್ಲ ಗೊತ್ತಿರುವುದು ವರ್ಷಾನುಗಟ್ಟಲೆ ಅದೇ ಬೆಂಚಿನಲ್ಲಿ ಕೂತವರಿಗೆ. ಅವರನ್ನು ಬಾಗಿಲಿಗೆ ತಂದು ನಿಲ್ಲಿಸಿ, ಬಂದವರನ್ನು ಮಾತನಾಡಿಸುವಂತೆ ಮಾಡುವುದೇ ಈ ಕೆಲಸದ ತಿರುಳು.

ಯಾರು, ಎಷ್ಟು ಜನ

ಇನ್ನೂರು ಜನರ ಒಂದು ಪೂಜೆಗೆ ಆರು ಮಂದಿ ಸಾಕು: ಗೇಟಿಗೆ ಒಬ್ಬರು, ಮುಖ್ಯ ಬಾಗಿಲಿಗೆ ಇಬ್ಬರು, ಒಳಗೆ ಹಿಂದಿನ ಸಾಲಿನಲ್ಲಿ ಒಬ್ಬರು, ಮಕ್ಕಳ ಧರ್ಮೋಪದೇಶ ತರಗತಿಯ ಹತ್ತಿರ ಒಬ್ಬರು, ಗಾಡಿ ನಿಲ್ಲಿಸುವ ಕಡೆ ಒಬ್ಬರು. ಬಾಗಿಲಿನ ಇಬ್ಬರಲ್ಲಿ ಒಬ್ಬರು ಹೆಂಗಸು ಆಗಿರಲೇಬೇಕು. ತಿಂಗಳಿಗೆ ಒಂದೇ ಸರದಿ ಬರುವಂತೆ ಹಂಚಿದರೆ ಒಟ್ಟು ಇಪ್ಪತ್ತನಾಲ್ಕು ಹೆಸರು ಬೇಕು. ಎರಡು ಪೂಜೆ ಇರುವ ಕಡೆ ಒಂದರಲ್ಲಿ ಕೂತು ಇನ್ನೊಂದರಲ್ಲಿ ನಿಲ್ಲುವ ಏರ್ಪಾಡು ಮಾಡಿ. ವಾರವಾರವೂ ಪೂಜೆ ತಪ್ಪಿಸಿಕೊಂಡು ಹೊರಗೆ ನಿಲ್ಲುವವರು ಆರು ತಿಂಗಳಲ್ಲಿ ತಂಡ ಬಿಡುತ್ತಾರೆ. ಅದು ಅವರ ತಪ್ಪಲ್ಲ, ಸರದಿ ಹಾಕಿದವರ ತಪ್ಪು.

ಗಟ್ಟಿ ಮೈಕಟ್ಟಿನ ಹುಡುಗರನ್ನೇ ಹುಡುಕಬೇಡಿ. ಸ್ವರ ಏರಿಸದೆ ಮಾತನಾಡುವವರು, ಬೈಸಿಕೊಂಡರೂ ಕೆರಳದವರು, ಹೇಳಿದ ಹೊತ್ತಿಗೆ ಬರುವವರು ಬೇಕು. ನರ್ಸ್, ನಿವೃತ್ತ ಪೊಲೀಸ್ ಅಥವಾ ಸೈನಿಕರು, ಎಲೆಕ್ಟ್ರಿಷಿಯನ್, ಶಾಲೆಯ ಪಿ.ಟಿ. ಮೇಷ್ಟ್ರು ಪ್ರತಿ ಧರ್ಮಕೇಂದ್ರದಲ್ಲೂ (ಒಂದು ಚರ್ಚ್‌ಗೆ ಸೇರಿದ ಸಭೆಯಲ್ಲೂ) ಒಬ್ಬರಾದರೂ ಸಿಗುತ್ತಾರೆ. ಎಲ್ಲರಿಗೂ ಪೊಲೀಸ್ ಪರಿಶೀಲನಾ ಪತ್ರ ಮಾಡಿಸಿ. ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ‘ಅವರು ನಮ್ಮ ಹಳಬರು, ಅವರಿಗೇಕೆ’ ಎಂಬ ವಿನಾಯಿತಿ ಒಬ್ಬರಿಗೂ ಬೇಡ, ತಂಡದ ಮುಖ್ಯಸ್ಥರಿಗೂ ಬೇಡ.

ತಂಡ ಯಾರ ಮಾತು ಕೇಳಬೇಕು ಎನ್ನುವುದು ಬರಹದಲ್ಲಿರಲಿ. ಕ್ಯಾಥೊಲಿಕ್ ಚರ್ಚ್ ಆದರೆ ಫಾದರ್ ಮತ್ತು ಪಾಲನಾ ಪರಿಷತ್ತು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದರೆ ಸಭಾಪಾಲಕರು ಮತ್ತು ಸಭಾ ಸಮಿತಿ ಸಹಿ ಹಾಕಿದ ಎರಡು ಪುಟದ ನಿಯಮ ಸಾಕು. ಅದರಲ್ಲಿ ಒಂದು ಸಾಲು ಮುಖ್ಯ: ತುರ್ತಿನಲ್ಲಿ ಪೂಜೆ ನಿಲ್ಲಿಸಿ ಜನರನ್ನು ಹೊರಗೆ ಕಳುಹಿಸುವ ಅಧಿಕಾರ ಆ ಹೊತ್ತಿನ ಸರದಿಯ ಮುಖ್ಯಸ್ಥರಿಗೆ ಇದೆ. ಈ ಸಾಲು ಇಲ್ಲದಿದ್ದರೆ ಹೊಗೆ ಕಾಣುತ್ತಿದ್ದರೂ ‘ಪ್ರಸಂಗ ಮುಗಿಯಲಿ’ ಎಂದು ಕಾಯುತ್ತಾರೆ.

ಕಾನೂನಿನ ಗೆರೆ

ಅಮೆರಿಕದ ಕೆಲವು ಚರ್ಚ್‌ಗಳಲ್ಲಿ ಸ್ವಯಂಸೇವಕರೇ ಪಿಸ್ತೂಲು ಇಟ್ಟುಕೊಂಡು ಕೂರುತ್ತಾರೆ. 2019ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಒಂದು ಚರ್ಚ್‌ನಲ್ಲಿ ಗುಂಡು ಹಾರಿಸಿದವನನ್ನು ಅಂಥ ಸ್ವಯಂಸೇವಕರೇ ಕೆಲವೇ ಸೆಕೆಂಡುಗಳಲ್ಲಿ ಹೊಡೆದು ಬೀಳಿಸಿದರು. ಆ ವಿಡಿಯೊ ನೋಡಿ ಇಲ್ಲಿನ ತಂಡ ಕಟ್ಟಬೇಡಿ. ಅಲ್ಲಿನ ಕಾನೂನು ಬೇರೆ, ಅಲ್ಲಿನ ಅಪಾಯವೂ ಬೇರೆ. ನಮ್ಮಲ್ಲಿ ಸ್ವಯಂಸೇವಕರ ಕೈಯಲ್ಲಿ ಲಾಠಿಯೂ ಇರಬಾರದು. ಖಾಕಿಯನ್ನು ಹೋಲುವ ಬಟ್ಟೆಯೂ ಬೇಡ. ಎದೆಯ ಮೇಲೆ ಹೆಸರು ಮತ್ತು ‘ಸೇವೆ’ ಎಂದು ಬರೆದ ತೆಳು ಹಸಿರು ಜಾಕೆಟ್ ಸಾಕು. ಕತ್ತಲಲ್ಲಿ ಹೊಳೆಯುವ ಪಟ್ಟಿ ಇದ್ದರೆ ಪಾರ್ಕಿಂಗ್‌ನಲ್ಲಿ ನಿಂತವರ ಜೀವಕ್ಕೂ ಒಳ್ಳೆಯದು.

ಸ್ವಯಂಸೇವಕರಿಗೆ ಇರುವ ಹಕ್ಕು ಎಲ್ಲ ನಾಗರಿಕರಿಗೂ ಇರುವ ಹಕ್ಕೇ ಹೊರತು ಒಂದು ಗುಲಗಂಜಿಯೂ ಹೆಚ್ಚಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದಷ್ಟು ಬಲ ಮಾತ್ರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ನಿಮ್ಮ ಕಣ್ಣೆದುರೇ ಜಾಮೀನು ಹಕ್ಕಾಗಿ ಸಿಗದ ಮತ್ತು ಸಂಜ್ಞೇಯವಾದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಮಾಡಿದವರನ್ನು ಹಿಡಿದಿಡಬಹುದು; ತಡಮಾಡದೆ, ಏನೇ ಆದರೂ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಅನುಮಾನ ಬಂತು ಎಂದು ಹಿಡಿಯುವಂತಿಲ್ಲ. ಹುಂಡಿ ಕಳ್ಳ ಸಿಕ್ಕಿದ ಎಂದು ಕಂಬಕ್ಕೆ ಕಟ್ಟಿ ಎರಡು ಬಾರಿಸಿದರೆ ಕೇಸು ನಿಮ್ಮ ಮೇಲೆ ಬೀಳುತ್ತದೆ, ಬೀಳಲೂಬೇಕು. ಯಾರ ಚೀಲವನ್ನೂ ಒಪ್ಪಿಗೆಯಿಲ್ಲದೆ ತೆರೆಯಬೇಡಿ. ‘ಸ್ವಲ್ಪ ತೋರಿಸ್ತೀರಾ ಅಣ್ಣ’ ಎಂದು ಕೇಳಬಹುದು. ಅವರು ಒಲ್ಲೆ ಎಂದರೆ ಚೀಲವನ್ನು ಹೊರಗೆ ಇಟ್ಟುಬರಲು ಹೇಳಬಹುದು.

ಪೂಜೆಗೆ ಮುಂಚಿನ ಮುಕ್ಕಾಲು ಗಂಟೆ

ಏಳು ಗಂಟೆಯ ಪೂಜೆ ಎಂದರೆ ಆರೂಕಾಲಿಗೆ ಇಬ್ಬರು ಬಂದಿರಬೇಕು. ಈ ಸುತ್ತು ಇಡೀ ಕೆಲಸದಲ್ಲಿ ಅತಿ ಬೆಲೆಯುಳ್ಳದ್ದು, ಜನ ಅತಿ ಹೆಚ್ಚು ತಪ್ಪಿಸುವುದೂ ಇದನ್ನೇ. 2023ರ ಅಕ್ಟೋಬರ್ 29ರಂದು ಕೇರಳದ ಕಳಮಶ್ಶೇರಿಯ ಪ್ರಾರ್ಥನಾ ಸಮಾವೇಶದಲ್ಲಿ ಸಿಡಿದ ಬಾಂಬುಗಳನ್ನು ಯಾರೂ ಹೊರಗಿನಿಂದ ಎಸೆಯಲಿಲ್ಲ. ಅವು ಸಭಾಂಗಣದ ಒಳಗೇ ಇದ್ದವು. ಜನ ತುಂಬಿದ ಮೇಲೆ ಬೆಂಚಿನ ಕೆಳಗೆ ಬಗ್ಗಿ ನೋಡಲು ಆಗುವುದಿಲ್ಲ, ಖಾಲಿ ಇದ್ದಾಗಲೇ ನೋಡಬೇಕು.

ಸುತ್ತು ಯಾವಾಗಲೂ ಒಂದೇ ಕ್ರಮದಲ್ಲಿರಲಿ: ಹೊರಗಿನ ಕಾಂಪೌಂಡ್ ಮೊದಲು, ಬಲಗೈ ಗೋಡೆಗೆ ಹತ್ತಿರ ಇಟ್ಟುಕೊಂಡು. ಕಸದ ಡಬ್ಬಿ, ಹೂಕುಂಡದ ಹಿಂದೆ, ಗ್ರೊಟ್ಟೊದ (ಮಾತೆಯ ಗವಿಯ) ಹಿಂಬದಿ, ಶೌಚಾಲಯ, ಜನರೇಟರ್ ಶೆಡ್. ಆಮೇಲೆ ಒಳಗೆ: ಬೆಂಚುಗಳ ಕೆಳಗೆ ಟಾರ್ಚ್ ಹಿಡಿದು ಸಾಲು ಸಾಲಾಗಿ, ಪಾಪನಿವೇದನೆಯ ಗೂಡು, ಗಾಯನ ತಂಡದ ಅಟ್ಟ, ಗಂಟೆಗೋಪುರದ ಮೆಟ್ಟಿಲು, ಬಲಿಪೀಠದ ಹಿಂದಿನ ಕೋಣೆ. ಚರ್ಚ್‌ನಲ್ಲಿ ಸಾಮಾನ್ಯವಾಗಿ ಯಾವ ಸಾಮಾನು ಎಲ್ಲಿರುತ್ತದೆ ಎಂದು ತಿಳಿದವರ ಕಣ್ಣಿಗೆ ಮಾತ್ರ ಬೇರೆಯದು ಬೀಳುತ್ತದೆ. ಆದ್ದರಿಂದ ಪ್ರತಿ ಜಾಗದ ಒಂದು ಫೋಟೊ ತೆಗೆದು ಫೈಲಿನಲ್ಲಿಡಿ.

ಈ ಸುತ್ತಿನಲ್ಲೇ ಎಲ್ಲ ಬಾಗಿಲುಗಳ ಅಗುಳಿ ತೆಗೆಯಬೇಕು. ಹಳೆಯ ಚರ್ಚ್‌ಗಳಲ್ಲಿ ಪಕ್ಕದ ಬಾಗಿಲುಗಳು ಇರುತ್ತವೆ, ಆದರೆ ನಾಯಿ ಬರುತ್ತದೆ, ಧೂಳು ಬರುತ್ತದೆ ಎಂದು ಬೀಗ ಹಾಕಿರುತ್ತಾರೆ. ಬೀಗದ ಕೈ ಕೋಣೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಬಾಗಿಲು ಮುಚ್ಚಿರಲಿ, ಆದರೆ ಬೀಗ ಬೇಡ, ಮೇಲಿನ ಅಗುಳಿಯೂ ಬೇಡ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಕಚ್ಚಿಕೊಳ್ಳುವುದುಂಟು, ಆದ್ದರಿಂದ ಅಗುಳಿ ತೆಗೆದರೆ ಸಾಲದು, ಬಾಗಿಲನ್ನು ಒಮ್ಮೆ ಪೂರ್ತಿ ತೆರೆದು ನೋಡಿ.

ಇನ್ನು ಚಪ್ಪಲಿ. ನಮ್ಮ ಕಡೆ ಚಪ್ಪಲಿ ಹೊರಗೆ ಬಿಡುತ್ತಾರೆ. ಇನ್ನೂರು ಜನರ ನಾನೂರು ಚಪ್ಪಲಿ ಮೆಟ್ಟಿಲ ಮೇಲೇ ಹರಡಿದ್ದರೆ ಓಡಿ ಬರುವ ಜನ ಅಲ್ಲೇ ಮುಗ್ಗರಿಸಿ ಬೀಳುತ್ತಾರೆ, ಒಬ್ಬರ ಮೇಲೆ ಒಬ್ಬರು. ಬಾಗಿಲ ಎರಡೂ ಪಕ್ಕ ಸ್ಟ್ಯಾಂಡ್ ಇಡಿ, ಬಾಗಿಲಿನ ನೇರಕ್ಕೆ ಮೂರು ಮೀಟರ್ ಅಗಲದ ದಾರಿಗೆ ಹಳದಿ ಪಟ್ಟಿ ಬಳಿಯಿರಿ, ಆ ಪಟ್ಟಿಯೊಳಗೆ ಬಿಟ್ಟ ಚಪ್ಪಲಿಯನ್ನು ಆಗಿಂದಾಗ್ಗೆ ಪಕ್ಕಕ್ಕೆ ಸರಿಸಿ. ಚಿಲ್ಲರೆ ವಿಷಯ ಎನಿಸುತ್ತದೆ. ಆದರೆ ಈ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನೇ ಪಾಲಿಸಿ.

ಗೇಟಿನಲ್ಲಿ ಆಡುವ ಮಾತು

2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಶ್ರೀಲಂಕಾದ ಬಟ್ಟಿಕಲೋವಾದ ಜಯೋನ್ ಚರ್ಚ್‌ಗೆ ದೊಡ್ಡ ಚೀಲ ಹೊತ್ತು ಬಂದ ಅಪರಿಚಿತನನ್ನು ರಮೇಶ್ ರಾಜು ಎಂಬ ಸಭೆಯ ಸದಸ್ಯರು ಅಂಗಳದಲ್ಲೇ ಮಾತನಾಡಿಸಿ ತಡೆದರು. ಬಾಂಬು ಹೊರಗೇ ಸಿಡಿಯಿತು. ಅಂಗಳದಲ್ಲಿದ್ದ ಮಕ್ಕಳು ಸೇರಿ ಅನೇಕರು ಸತ್ತರು, ರಮೇಶರೂ ಸತ್ತರು. ಆದರೆ ಒಳಗಿದ್ದ ನೂರಾರು ಜನ ಬದುಕಿದರು. ಅವರ ಕೈಯಲ್ಲಿ ಯಂತ್ರ, ಆಯುಧ ಯಾವುದೂ ಇರಲಿಲ್ಲ. ಬಂದವನನ್ನು ಗಮನಿಸಿದರು, ಪ್ರಶ್ನೆ ಕೇಳಿದರು, ಅಷ್ಟೆ.

ಹಾಗಾಗಿ ಗೇಟಿನಲ್ಲಿ ನಿಂತವರು ಫೋನ್ ನೋಡುತ್ತಾ ನಿಲ್ಲಬಾರದು. ಪ್ರತಿಯೊಬ್ಬರ ಮುಖ ನೋಡಿ, ಕೈ ಜೋಡಿಸಿ, ಒಂದು ಮಾತಾಡಿ. ‘ಬನ್ನಿ ಅಕ್ಕಾ, ಬನ್ನಿ ಯಜಮಾನ್ರೇ.’ ಹೊಸ ಮುಖವಾದರೆ ಇನ್ನೊಂದು ಪ್ರಶ್ನೆ: ‘ಯಾವೂರಿಂದ ಬಂದ್ರಿ? ಕನ್ನಡ ಪೂಜೆಗಾ, ತಮಿಳು ಪೂಜೆಗಾ?’ ನಿಜವಾಗಿ ಪ್ರಾರ್ಥನೆಗೆ ಬಂದವರಿಗೆ ಇದು ಸ್ವಾಗತ. ಅವರು ಖುಷಿಯಿಂದ ಉತ್ತರ ಕೊಡುತ್ತಾರೆ. ಬೇರೆ ಉದ್ದೇಶದವರಿಗೆ ತಮ್ಮ ಮುಖ ಯಾರೋ ಗುರುತಿಟ್ಟರು ಎಂದು ಅರ್ಥವಾಗುತ್ತದೆ. ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯದಂಥ ಕಡೆ ದಸರಾ ಸಮಯದಲ್ಲಿ ಪ್ರವಾಸಿಗರೇ ತುಂಬಿರುತ್ತಾರೆ, ಹೊಸ ಮುಖ ಎನ್ನುವುದೇ ಅಲ್ಲಿ ಗುರುತಾಗುವುದಿಲ್ಲ. ಅಂಥಲ್ಲಿ ಪೂಜೆಯ ಹೊತ್ತಿಗೆ ಪ್ರವಾಸಿಗರಿಗೂ ಪ್ರಾರ್ಥನೆಗೆ ಬಂದವರಿಗೂ ದಾರಿ ಬೇರೆ ಮಾಡಬೇಕು.

ಗಮನಿಸಬೇಕಾದದ್ದು ನಡವಳಿಕೆಯನ್ನು. ಗಡ್ಡ, ಟೋಪಿ, ಕುಂಕುಮ, ಬುರ್ಕಾ, ಹರಿದ ಬಟ್ಟೆ ನೋಡಿ ತೀರ್ಮಾನಿಸುವುದು ತಪ್ಪು, ಕೆಲಸಕ್ಕೂ ಬಾರದು. ನವೇನಕ್ಕೆ (ಒಂಬತ್ತು ದಿನದ ಪ್ರಾರ್ಥನೆಗೆ) ಎಲ್ಲ ಧರ್ಮದವರೂ ಬರುವ ಊರು ನಮ್ಮದು. ನೋಡಬೇಕಾದ್ದು ಇವು: ಸೆಕೆಯಲ್ಲಿ ದಪ್ಪ ಜಾಕೆಟ್, ಪೂಜೆ ನಡೆಯುವಾಗ ಕ್ಯಾಮೆರಾ, ಬಾಗಿಲು, ಹುಂಡಿಗಳನ್ನೇ ವಿಡಿಯೊ ಮಾಡುವುದು, ಮಾತನಾಡಿಸಿದರೆ ಮುಖ ತಿರುಗಿಸುವುದು, ಚೀಲವನ್ನು ಬಿಟ್ಟು ಹೊರಗೆ ಹೋಗುವುದು, ಒಬ್ಬರನ್ನೇ ದಿಟ್ಟಿಸುತ್ತಾ ಹಿಂಬಾಲಿಸುವುದು. ಕೊನೆಯದು ಹೆಚ್ಚಾಗಿ ಮನೆಜಗಳದ ಕೇಸು. ಬಿಟ್ಟುಹೋದ ಹೆಂಡತಿಯನ್ನು ಹುಡುಕಿಕೊಂಡು ಬಂದ ಗಂಡ ಹೊರಗಿನ ಯಾವ ಶತ್ರುವಿಗಿಂತಲೂ ಹೆಚ್ಚಿನ ಅಪಾಯ ತರಬಹುದು. ಆ ಹೆಣ್ಣುಮಗಳನ್ನು ಹಿಂಬಾಗಿಲಿನಿಂದ ಸಿಸ್ಟರ್‌ಗಳ ಕಾನ್ವೆಂಟಿಗೆ ಕಳುಹಿಸಿ, ತುರ್ತು ಸಂಖ್ಯೆ 112ಕ್ಕೆ ಹೇಳಿ, ಆಮೇಲೆ ಗಂಡನೊಡನೆ ಮಾತಿಗೆ ನಿಲ್ಲಿ.

ಕುಡಿದು ಬಂದವರನ್ನು ತಳ್ಳಬೇಡಿ. ಒಬ್ಬರೇ ಮಾತನಾಡಲಿ, ಇನ್ನೊಬ್ಬರು ಒಂದೂವರೆ ಮೀಟರ್ ಪಕ್ಕದಲ್ಲಿ ಸುಮ್ಮನೆ ನಿಲ್ಲಲಿ. ‘ಅಣ್ಣಾ, ಬಾ, ಇಲ್ಲಿ ನೆರಳಲ್ಲಿ ಕೂತ್ಕೊ, ನೀರು ಕುಡಿ’ ಎಂದು ಹೊರಗಿನ ಬೆಂಚಿಗೆ ಕರೆದೊಯ್ಯಿರಿ. ಸುತ್ತ ನಾಲ್ಕೈದು ಜನ ನೆರೆದರೆ ಅವನಿಗೆ ಮರ್ಯಾದೆಯ ಪ್ರಶ್ನೆಯಾಗಿ ಗಲಾಟೆ ಜೋರಾಗುತ್ತದೆ.

ಗುಂಪೊಂದು ಬಂದು ‘ಇಲ್ಲಿ ಮತಾಂತರ ನಡೀತಿದೆ’ ಎಂದು ಕೂಗಿದರೆ ತಂಡದ ಕೆಲಸ ವಾದ ಗೆಲ್ಲುವುದಲ್ಲ. ಗೇಟಿನಲ್ಲಿ ಒಬ್ಬರೇ ಮಾತನಾಡಬೇಕು, ಅದೂ ಎರಡೇ ಮಾತು: ‘ಪ್ರಾರ್ಥನೆ ನಡೀತಿದೆ. ಪೊಲೀಸರಿಗೆ ಹೇಳಿದ್ದೀವಿ, ಅವರ ಮುಂದೆ ಮಾತಾಡೋಣ.’ ಅಷ್ಟರಲ್ಲಿ ಇನ್ನೊಬ್ಬರು 112ಕ್ಕೆ ಕರೆ ಮಾಡಿರಬೇಕು. ಎರಡು ಕೋನಗಳಿಂದ ವಿಡಿಯೊ ತೆಗೆಯಿರಿ, ಆದರೆ ಲೈವ್ ಬಿಡಬೇಡಿ, ವಾಟ್ಸ್‌ಆಪ್ ಗುಂಪಿಗೆ ಹಾಕಬೇಡಿ. ಹಾಕಿದರೆ ಅರ್ಧ ಗಂಟೆಯಲ್ಲಿ ಎರಡೂ ಕಡೆ ಇನ್ನಷ್ಟು ಜನ ಸೇರುತ್ತಾರೆ. ಒಳಗೆ ಪೂಜೆ ಮುಂದುವರಿಯಲಿ, ಯುವಕರು ಹೊರಗೆ ಓಡಿ ಬಾರದಂತೆ ಬಾಗಿಲಿನವರು ನೋಡಿಕೊಳ್ಳಲಿ. ಧಾರ್ಮಿಕ ಸಭೆಗೆ ಬೇಕೆಂದೇ ಅಡ್ಡಿಪಡಿಸುವುದು ನ್ಯಾಯ ಸಂಹಿತೆಯ 300ನೇ ಕಲಂ ಪ್ರಕಾರ ಅಪರಾಧ. ದೂರನ್ನು ಅದೇ ದಿನ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಕ್ಕಪಕ್ಕದ ಮನೆಯವರ ಜೊತೆಗಿನ ಒಡನಾಟವೂ ಭದ್ರತೆಯೇ. ಅವರ ಗೇಟಿಗೆ ಅಡ್ಡ ನಿಲ್ಲಿಸಿದ ಬೈಕು, ಹೊರಗೆ ತಿರುಗಿಸಿದ ಮೈಕು, ಇವೆರಡರಿಂದಲೇ ಮನಸ್ತಾಪ ಶುರುವಾಗುವುದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹೊರಗಿನ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಮೊದಲೇ ಅನುಮತಿ ಪಡೆಯಿರಿ, ಇಲ್ಲವೆ ಮೈಕನ್ನು ಒಳಗಷ್ಟೇ ಕೇಳುವಂತೆ ಇಡಿ.

ಯಾರದ್ದೋ ಗೊತ್ತಿಲ್ಲದ ಚೀಲ

ಮೊದಲು ಪಕ್ಕದವರನ್ನು ಕೇಳಿ. ಹತ್ತರಲ್ಲಿ ಒಂಬತ್ತು ಸಲ ಯಾರೋ ಊಟದ ಬುತ್ತಿ ಬಿಟ್ಟು ಪರಮಪ್ರಸಾದಕ್ಕೆ ಹೋಗಿರುತ್ತಾರೆ. ಯಾರೂ ನಮ್ಮದು ಎನ್ನದಿದ್ದರೆ ಮುಟ್ಟಬೇಡಿ, ಎತ್ತಬೇಡಿ, ನೀರು ಸುರಿಯಬೇಡಿ, ಮರಳಿನಿಂದ ಮುಚ್ಚಬೇಡಿ. ಅದರ ಹತ್ತಿರ ಮೊಬೈಲ್, ವಾಕಿಟಾಕಿ ಬಳಸಬೇಡಿ. ದೂರ ಹೋಗಿ 112ಕ್ಕೆ ಕರೆ ಮಾಡಿ. ಜನರನ್ನು ಚೀಲದ ಎದುರು ದಿಕ್ಕಿನ ಬಾಗಿಲುಗಳಿಂದ ಕಳುಹಿಸಿ, ಕನಿಷ್ಠ ನೂರು ಮೀಟರ್ ಆಚೆ, ಗಟ್ಟಿ ಗೋಡೆಯ ಮರೆಗೆ. ಸೇರುವ ಜಾಗ ಪಾರ್ಕಿಂಗ್ ಆಗಬಾರದು, ಎರಡನೆಯ ಅಪಾಯ ಗಾಡಿಯಲ್ಲಿರಬಹುದು. ಹತ್ತಿರದ ಶಾಲೆಯ ಮೈದಾನ ಒಳ್ಳೆಯದು.

ಮೈಕಿನಲ್ಲಿ ‘ಬಾಂಬ್’ ಎಂಬ ಪದ ಬರಬಾರದು. ಹೇಳಬೇಕಾದ ಮಾತನ್ನು ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದು ಮೈಕಿನ ಪಕ್ಕ ಅಂಟಿಸಿ: ‘ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸ್ವಯಂಸೇವಕರು ತೋರಿಸುವ ಬಾಗಿಲಿನಿಂದ ನಿಧಾನವಾಗಿ ಶಾಲೆಯ ಮೈದಾನಕ್ಕೆ ನಡೆಯಿರಿ. ಮಕ್ಕಳನ್ನು ಸಿಸ್ಟರ್ ಅಲ್ಲಿಗೇ ಕರೆತರುತ್ತಾರೆ, ಅವರನ್ನು ಹುಡುಕಿಕೊಂಡು ಹೋಗಬೇಡಿ.’ ಕೊನೆಯ ವಾಕ್ಯ ಇಲ್ಲದಿದ್ದರೆ ಅಪ್ಪ ಅಮ್ಮಂದಿರು ಜನರ ಎದುರು ದಿಕ್ಕಿಗೆ ಓಡುತ್ತಾರೆ. ತಮಿಳು ಪೂಜೆ ಇರುವ ಚರ್ಚ್‌ನಲ್ಲಿ ಕಾರ್ಡು ಎರಡೂ ಭಾಷೆಯಲ್ಲಿರಲಿ.

ಬೆಂಕಿ

ಮೇಣದಬತ್ತಿ ಸ್ಟ್ಯಾಂಡನ್ನು ಕಟ್ಟಡದ ಹೊರಗೆ ಇಡುವುದೇ ಅತ್ಯುತ್ತಮ. ಒಳಗೇ ಇಡಬೇಕಾದರೆ ಪರದೆ, ಹೂವಿನ ಅಲಂಕಾರದಿಂದ ಒಂದು ಮೀಟರ್ ದೂರ, ಕೆಳಗೆ ಎರಡಿಂಚು ಮರಳು ತುಂಬಿದ ತಟ್ಟೆ. ಕರಗಿದ ಮೇಣ ಮರಳಿನ ಮೇಲೆ ಗಟ್ಟಿಯಾಗಿ ಪದರ ಕಟ್ಟುತ್ತದೆ, ವಾರಕ್ಕೊಮ್ಮೆ ಅದನ್ನು ತೆಗೆಯದಿದ್ದರೆ ಆ ಪದರವೇ ಹೊತ್ತಿಕೊಳ್ಳುತ್ತದೆ. ಉರಿಯುವ ಮೇಣಕ್ಕೆ ನೀರು ಹಾಕಿದರೆ ಭಗ್ ಎಂದು ಮೇಲಕ್ಕೆ ಚಿಮ್ಮುತ್ತದೆ. ಮರಳು ಅಥವಾ ಮುಚ್ಚಳವೇ ಗತಿ. ಸ್ಟ್ಯಾಂಡಿನ ಪಕ್ಕ ಒಂದು ಉಣ್ಣೆಯ ಕರಿಕಂಬಳಿ ನೇತುಹಾಕಿ. ಸಿಂಥೆಟಿಕ್ ಸೀರೆಗೆ ಬೆಂಕಿ ತಾಗಿದವರನ್ನು ನೆಲಕ್ಕೆ ಮಲಗಿಸಿ ಕಂಬಳಿ ಸುತ್ತಿ. ಕೆಂಡ ಆರಿದ ಮೇಲೆ ಕಂಬಳಿ ತೆಗೆದು, ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಲು ಬಂದವರನ್ನು ತಡೆಯಿರಿ.

ಬೆಂಕಿ ಆರಿಸುವ, ಐ.ಎಸ್.ಐ. ಗುರುತಿನ, ಎ.ಬಿ.ಸಿ. ಪುಡಿಯ ಆರು ಕೆ.ಜಿ. ಸಿಲಿಂಡರ್ ಮೂರಾದರೂ ಬೇಕು: ಮುಖ್ಯ ಬಾಗಿಲು, ಬಲಿಪೀಠದ ಪಕ್ಕದ ಕೋಣೆ, ಜನರೇಟರ್. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯೇ ನೋಡಿ, ಸಿಲಿಂಡರನ್ನು ತಲೆಕೆಳಗೆ ಮಾಡಿ ಎರಡು ಸಲ ಅಲ್ಲಾಡಿಸಿ. ವರ್ಷಗಟ್ಟಲೆ ನಿಂತಲ್ಲೇ ನಿಂತ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ. ಬಳಸುವಾಗ ಪಿನ್ ಎಳೆಯಿರಿ, ಎರಡು ಮೂರು ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಗುರಿ ಹಿಡಿಯಿರಿ, ಹಿಡಿ ಒತ್ತಿ, ಅತ್ತಿತ್ತ ಬೀಸಿ. ಇಡೀ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಖಾಲಿ. ಅಷ್ಟರಲ್ಲಿ ಆರದಿದ್ದರೆ ಅದು ನಿಮ್ಮ ಕೈಯಲ್ಲಿ ಆರುವ ಬೆಂಕಿಯಲ್ಲ, ಹೊರಗೆ ಬನ್ನಿ. ಬೆನ್ನ ಹಿಂದೆ ಬಾಗಿಲು ಇರುವಂತೆ ನಿಂತು ಬಳಸಬೇಕು ಎನ್ನುವುದು ಇದಕ್ಕೇ. 101ಕ್ಕೆ ಕರೆ ಮಾಡುವುದು ಮಾತ್ರ ಸಿಲಿಂಡರ್ ಮುಟ್ಟುವುದಕ್ಕೂ ಮುಂಚೆ.

ಗೋದಲಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಒಣಹುಲ್ಲು, ಥರ್ಮೊಕೋಲ್, ಬಣ್ಣದ ಕಾಗದ, ಅದರೊಳಗೆ ಗಂಟು ಹಾಕಿದ ಸೀರಿಯಲ್ ಸೆಟ್ಟು, ಇದಕ್ಕಿಂತ ಚೆನ್ನಾಗಿ ಹೊತ್ತಿಕೊಳ್ಳುವ ಸಾಮಾನು ಚರ್ಚ್‌ನಲ್ಲಿ ಇನ್ನೊಂದಿಲ್ಲ. ವೈರಿನ ಜೋಡಣೆಗಳನ್ನು ಹುಲ್ಲಿನಿಂದ ಹೊರಗೆ ತನ್ನಿ, ಟೇಪು ಸುತ್ತಿದ ಗಂಟಿನ ಬದಲು ಕನೆಕ್ಟರ್ ಹಾಕಿಸಿ, ಸಾಲಿಗೆ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ರಾತ್ರಿ ಕೊನೆಯವರು ಹೋಗುವಾಗ ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಜನರೇಟರ್ ಬಾಗಿಲು, ಕಿಟಕಿಗಳಿಂದ ದೂರವಿರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ವಿಷ ಹೆಚ್ಚು.

ಹಬ್ಬಕ್ಕೆ ಕಟ್ಟುವ ಸ್ವಾಗತ ಕಮಾನಿನ ಕೆಳಗೆ ಫೈರ್ ಎಂಜಿನ್ ಹಾಯಬೇಕು: ನಾಲ್ಕೂವರೆ ಮೀಟರ್ ಅಗಲ, ಐದು ಮೀಟರ್ ಎತ್ತರ. ಕಟ್ಟುವವರಿಗೆ ಮೊದಲೇ ಟೇಪು ಹಿಡಿದು ತೋರಿಸಿ.

ಹಬ್ಬದ ಜನ, ಹಬ್ಬದ ಅಡುಗೆ

ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಕೆ.ಆರ್. ನಗರದ ಬಳಿಯ ದೋರನಹಳ್ಳಿಗೆ ಹರಿದುಬರುವ ಜನಸ್ತೋಮ ನಿಭಾಯಿಸುವುದು ಪೊಲೀಸರ ಕೆಲಸ, ಸ್ವಯಂಸೇವಕರು ಅವರ ಕೈಕೆಳಗೆ. ಆದರೆ ಸಣ್ಣ ಧರ್ಮಕೇಂದ್ರದ ತೇರಿಗೂ ಅದೇ ಲೆಕ್ಕ: ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ಆಗುವವರೆಗೆ ನಿಧಾನವಾಗಿಯಾದರೂ ನಡೆಯಬಹುದು, ಐದು ದಾಟಿದರೆ ಜನ ತಾವಾಗಿ ನಡೆಯುವುದಿಲ್ಲ, ಹಿಂದಿನವರು ನೂಕಿದ ಕಡೆ ಹೋಗುತ್ತಾರೆ. ಅಂಗಳದಲ್ಲಿ ಸುಣ್ಣದಿಂದ ಒಂದು ಮೀಟರಿನ ಚೌಕ ಬರೆದು ತಂಡದ ಐವರನ್ನು ಅದರಲ್ಲಿ ನಿಲ್ಲಿಸಿ ತೋರಿಸಿ. ಆಮೇಲೆ ಅವರಿಗೆ ಕಣ್ಣಳತೆ ಸಿಗುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ಸತ್ತದ್ದು ಗೇಟುಗಳ ಬಳಿ. ಗೇಟನ್ನು ಅರ್ಧ ತೆರೆದು ಜನರನ್ನು ಸೋಸುವ ಪದ್ಧತಿ ಬಿಡಿ. ತಡೆಯಬೇಕಾದರೆ ರಸ್ತೆಯಲ್ಲೇ, ಜಾಗ ಇರುವ ಕಡೆ ತಡೆಯಿರಿ, ಗೇಟು ಪೂರ್ತಿ ತೆರೆದಿರಲಿ. ಸಂತರ ಸ್ವರೂಪ ಮುಟ್ಟಿ ನಮಸ್ಕರಿಸುವ ಸಾಲು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು. ಬಂದ ದಾರಿಯಲ್ಲೇ ವಾಪಸಾಗುವ ಸಾಲು ಎಷ್ಟೇ ಚಿಕ್ಕದಿದ್ದರೂ ಸಿಕ್ಕಿಕೊಳ್ಳುತ್ತದೆ.

ಅಡುಗೆಯ ಕಡೆ ಒಬ್ಬರನ್ನು ಬರೀ ಕಾಯುವುದಕ್ಕೇ ನಿಲ್ಲಿಸಿ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದರಿಂದ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅಡುಗೆ ಶುರುವಾದಾಗಿನಿಂದ ಬಡಿಸಿ ಮುಗಿಯುವವರೆಗೆ ಪಾತ್ರೆ ಒಂಟಿಯಾಗಿರಬಾರದು, ದಿನಸಿ ಕೋಣೆಯ ಬೀಗದ ಕೈ ಒಬ್ಬರ ಹತ್ತಿರವೇ ಇರಬೇಕು, ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬೇಕು. ಅಡುಗೆಯವರೇ ಮೊದಲು ಉಂಡು ಅರ್ಧ ಗಂಟೆಯ ಮೇಲೆ ಬಡಿಸಿ. ವಾಸನೆ ಬೇರೆ ಬಂದರೆ ಯಾರ ಮುಲಾಜೂ ನೋಡದೆ ಚೆಲ್ಲಿ. ಗ್ಯಾಸ್ ಸಿಲಿಂಡರ್ ಒಲೆಯಿಂದ ದೂರ, ನೆಟ್ಟಗೆ, ಶಾಮಿಯಾನದ ಹೊರಗೆ. ಸೋರಿದರೆ 1906.

ಮಕ್ಕಳು

ತರಗತಿ ಮುಗಿದ ಮೇಲೆ ಮಗುವನ್ನು ಯಾರಿಗೆ ಒಪ್ಪಿಸಬೇಕು ಎಂಬ ಹೆಸರು ಪುಸ್ತಕದಲ್ಲಿರಬೇಕು. ‘ಮಾಮ ಬಂದಿದ್ದಾರೆ’ ಎಂದು ಮಗುವೇ ಹೇಳಿದರೂ ಹೆಸರಿಲ್ಲದಿದ್ದರೆ ಅಮ್ಮನಿಗೆ ಫೋನ್ ಮಾಡಿ. ಯಾವ ದೊಡ್ಡವರೂ, ಸ್ವಯಂಸೇವಕರಾಗಲಿ ಉಪದೇಶಿಯಾಗಲಿ ಗುರುಗಳಾಗಲಿ, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಶೌಚಾಲಯಕ್ಕೆ ಮಕ್ಕಳು ಇಬ್ಬರಾಗಿ ಹೋಗಲಿ, ದೊಡ್ಡವರು ಹೊರಬಾಗಿಲಲ್ಲಿ ನಿಲ್ಲಲಿ. ಮಗು ದೌರ್ಜನ್ಯದ ಮಾತು ಹೇಳಿದರೆ ತಂಡ ವಿಚಾರಣೆ ನಡೆಸಬಾರದು, ‘ಒಳಗೇ ಬಗೆಹರಿಸೋಣ’ ಎನ್ನುವವರ ಮಾತನ್ನೂ ಕೇಳಬಾರದು. ಪೋಕ್ಸೊ ಕಾಯ್ದೆಯ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ) 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. 1098 ಮಕ್ಕಳ ಸಹಾಯವಾಣಿ.

ಬಿದ್ದವರಿಗೆ ಮೊದಲ ಐದು ನಿಮಿಷ

ತಲೆ ಸುತ್ತಿ ಬಿದ್ದವರನ್ನು ಎತ್ತಿ ಕೂರಿಸಬೇಡಿ. ಮಲಗಿಸಿ ಕಾಲನ್ನು ಒಂದಡಿ ಮೇಲೆತ್ತಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬೇಡ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ತಲೆಯ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಫಿಟ್ಸ್ ನಿಂತ ಮೇಲೆ ಪಕ್ಕಕ್ಕೆ ತಿರುಗಿಸಿ, ಐದು ನಿಮಿಷ ದಾಟಿದರೆ 108. ಉಸಿರಿಲ್ಲದಿದ್ದರೆ ಎದೆಯ ಮಧ್ಯೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಿರಬೇಕು. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ದಣಿದವರು ಒತ್ತುವುದು ಆಳಕ್ಕೆ ಇಳಿಯುವುದಿಲ್ಲ. ಇದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಅಭ್ಯಾಸ ಮಾಡಿಸುವ ನರ್ಸ್ ಒಬ್ಬರನ್ನು ವರ್ಷಕ್ಕೆ ಎರಡು ಸಲ ಕರೆಸಿ. ಒಬ್ಬರು ರಸ್ತೆಗೆ ಹೋಗಿ ಆಂಬ್ಯುಲೆನ್ಸ್‌ಗೆ ಕೈ ತೋರಿಸಬೇಕು ಎನ್ನುವುದನ್ನು ಬಹಳ ತಂಡಗಳು ಮರೆಯುತ್ತವೆ.

ಹುಂಡಿ, ಕ್ಯಾಮೆರಾ, ವಾಕಿಟಾಕಿ

ಹುಂಡಿಯಲ್ಲಿ ದುಡ್ಡು ಉಳಿಸದಿರುವುದೇ ಹುಂಡಿಯ ಭದ್ರತೆ. ಭಾನುವಾರದ ಕಾಣಿಕೆಯನ್ನು ಅಂದೇ ಸಂಬಂಧಿಕರಲ್ಲದ ಇಬ್ಬರು ಎಣಿಸಿ, ಸಹಿ ಹಾಕಿ, ಮೊಹರು ಮಾಡಿ, ಸೋಮವಾರ ಬ್ಯಾಂಕಿಗೆ. ‘ಹುಂಡಿ ಪ್ರತಿದಿನ ಖಾಲಿ ಮಾಡಲಾಗುತ್ತದೆ’ ಎಂಬ ಬೋರ್ಡು ಹಾಕಿ, ಹಾಗೆಯೇ ಮಾಡಿ.

ನೂರಕ್ಕೂ ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟು 30 ದಿನದ ದೃಶ್ಯ ಉಳಿಸಬೇಕು ಎಂದು 2017ರ ರಾಜ್ಯದ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ನಾಲ್ಕು ಕ್ಯಾಮೆರಾ ಸಾಕು: ಗೇಟು, ಮುಖ್ಯ ಬಾಗಿಲು, ಹುಂಡಿ, ಪಾರ್ಕಿಂಗ್. ಮೇಲೆ ಸೂರಿಗೆ ಕಟ್ಟಿದರೆ ಬರೀ ನೆತ್ತಿ ಕಾಣುತ್ತದೆ. ಬಾಗಿಲಿನದ್ದು ಎರಡು ಎರಡೂವರೆ ಮೀಟರ್ ಎತ್ತರದಲ್ಲಿರಲಿ. ಒಳಗಿನಿಂದ ಬಾಗಿಲ ಕಡೆ ತಿರುಗಿಸಿದರೆ ಹಿಂದಿನ ಬಿಸಿಲಿಗೆ ಮುಖ ಕಪ್ಪಾಗುತ್ತದೆ, ಡಬ್ಲ್ಯೂ.ಡಿ.ಆರ್. (ಬಿಸಿಲು ನೆರಳನ್ನು ಸರಿದೂಗಿಸುವ ಸೌಲಭ್ಯ) ಇರುವುದನ್ನೇ ಕೊಳ್ಳಿ. ಕಳ್ಳರು ರೆಕಾರ್ಡರನ್ನೂ ಹೊತ್ತೊಯ್ಯುತ್ತಾರೆ, ಅದು ಬೇರೆ ಕಟ್ಟಡದಲ್ಲಿ ಬೀಗದೊಳಗಿರಲಿ. ತಿಂಗಳಿಗೊಮ್ಮೆ ಜೇಡರ ಬಲೆ ಒರೆಸಿ, ಗಡಿಯಾರ ಸರಿಯಿದೆಯೇ ನೋಡಿ, ಹಿಂದಿನ ವಾರದ ಒಂದು ತುಣುಕು ನಿಜಕ್ಕೂ ತೆರೆಯುತ್ತದೆಯೇ ಪರೀಕ್ಷಿಸಿ. ಹಾರ್ಡ್ ಡಿಸ್ಕ್ ಕೆಟ್ಟು ಎಷ್ಟೋ ದಿನವಾಗಿದ್ದು ಗೊತ್ತಾಗುವುದು ಕಳ್ಳತನವಾದ ಮೇಲೆಯೇ.

ವಾಕಿಟಾಕಿ ಕೊಳ್ಳುವಾಗ ಎಚ್ಚರ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಪರವಾನಗಿ ಬೇಡ. ಪರವಾನಗಿ ಬೇಕಾದ ತರಂಗದ ಅಗ್ಗದ ಸೆಟ್ಟನ್ನು ಅದಿಲ್ಲದೆ ಬಳಸುವುದು ಕಾನೂನುಬಾಹಿರ. ಆರು ಜನರ ತಂಡಕ್ಕೆ ಫೋನಿನ ಗುಂಪು ಕರೆಯೂ ನಡೆಯುತ್ತದೆ, ಆದರೆ ಕ್ರಿಸ್ಮಸ್ ರಾತ್ರಿ ನೆಟ್‌ವರ್ಕ್ ಕೈಕೊಡುತ್ತದೆ. ಅಂದು ಪ್ರತಿಯೊಬ್ಬರ ಕೊರಳಲ್ಲಿ ಒಂದು ಸೀಟಿ ಇರಲಿ: ಒಂದು ಉದ್ದ ಸೀಟಿ ಎಂದರೆ ‘ಇಲ್ಲಿಗೆ ಬನ್ನಿ’, ಮೂರು ಎಂದರೆ ‘ಎಲ್ಲರನ್ನೂ ಹೊರಗೆ ಕಳುಹಿಸಿ’.

ತಾಲೀಮು

ಕ್ರಿಸ್ಮಸ್‌ಗೆ ಮೂರು ವಾರ ಮುಂಚೆ ಒಂದು, ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚೆ ಇನ್ನೊಂದು. ಮೊದಲು ತಂಡ ಮಾತ್ರ, ಆಮೇಲೆ ಇಡೀ ಸಭೆ. ಭಾನುವಾರ ಪೂಜೆ ಮುಗಿದ ಕೂಡಲೇ ಫಾದರ್ ಅವರೇ ಮೈಕಿನಲ್ಲಿ ಕಾರ್ಡು ಓದಲಿ, ಒಬ್ಬರು ಗಡಿಯಾರ ಹಿಡಿಯಲಿ. ಇನ್ನೂರು ಜನ ಮೂರು ಬಾಗಿಲಿನಿಂದ ಮೂರು ನಿಮಿಷದೊಳಗೆ ಮೈದಾನ ಸೇರಬೇಕು. ಮೊದಲ ಸಲ ಎಲ್ಲರೂ ಬಂದ ಬಾಗಿಲಿಗೇ ನುಗ್ಗುತ್ತಾರೆ, ಪಕ್ಕದ ಬಾಗಿಲು ತೆರೆದಿದ್ದರೂ ಅದರ ಕಡೆ ಯಾರೂ ತಿರುಗುವುದಿಲ್ಲ. ಆದ್ದರಿಂದ ಪಕ್ಕದ ಬಾಗಿಲಿನಲ್ಲಿ ಕೈ ಎತ್ತಿ ‘ಈ ಕಡೆ ಬನ್ನಿ’ ಎಂದು ಕೂಗುವವರೊಬ್ಬರು ಬೇಕು. ಗಾಲಿಕುರ್ಚಿಯವರನ್ನು, ಕೋಲು ಹಿಡಿದವರನ್ನು ಯಾರು ಕರೆತರುತ್ತಾರೆ ಎಂದು ಹೆಸರಿಟ್ಟು ಹೇಳಿರಿ. ‘ಯಾರಾದರೂ’ ಎಂದರೆ ಯಾರೂ ಹೋಗುವುದಿಲ್ಲ. ತಾಲೀಮಿನ ದಿನ ಚಪ್ಪಲಿಗೆ ವಾಪಸ್ ಓಡಿದವರು ಎಷ್ಟು ಜನ ಎಂದು ಎಣಿಸಿ, ಆ ಸಂಖ್ಯೆಯನ್ನು ದಿನಾಂಕದೊಡನೆ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಮುಂದಿನ ತಾಲೀಮಿನಲ್ಲಿ ಅದು ಇಳಿದಿರಬೇಕು.